ಅಪ್‌ಡೇಟ್: ರೂಟ್ ಕೆನಾಲ್ ಆಯಿತು, ಕ್ಯಾಪ್ ಬಾಕಿ

ದವಡೆ ಹಲ್ಲು ಕೀಳಿಸಲೋ, ರೂಟ್ ಕೆನಾಲ್ ಮಾಡಿಸಲೋ ಅಂತ ಹೋದ ತಿಂಗಳು ಕೇಳಿದ್ದೆ. ಉಳಿಸಿಕೊಂಡೆ. ಇಲ್ಲೇ ವಿಜಯಪುರದಲ್ಲಿ, ಮೂರು ಸಲ ಹೋಗಬೇಕಾಯಿತು.

ಇಂಜೆಕ್ಷನ್ ಚುಚ್ಚಿದ್ದಷ್ಟೇ ಗೊತ್ತಾಯಿತು. ಆಮೇಲೆ ತುಟಿ ಜೋಮು ಹಿಡಿದು, ಚಹಾ ಕುಡಿಯಲು ಹೋಗಿ ಅಂಗಿ ಮೇಲೆ ಚೆಲ್ಲಿಕೊಂಡೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಕಲೆ, ಅದೇ ಸೋಂಕಂತೆ. ನರ ತೆಗೆದು, ಸೂಜಿಯಂಥ ಫೈಲ್‌ನಿಂದ ಒಳಗೆಲ್ಲ ಕೆರೆದು, ತೊಳೆದು, ಗಟಾಪರ್ಚಾ ಅನ್ನೋ ರಬ್ಬರಿನಂಥದ್ದು ತುಂಬಿದರು.

ತಪ್ಪು ನನ್ನದೇ ಒಂದಿದೆ. ಮೊದಲ ಸಲಕ್ಕೇ ನೋವು ಹೋಯಿತು ಅಂತ ಮುಂದಿನ ಸಲಕ್ಕೆ ಹೋಗದೆ ಸುಮ್ನೆ ಕೂತೆ. ಅಷ್ಟರಲ್ಲಿ ಕೊರೆದ ತೂತಿಗೆ ಮುಚ್ಚಿದ್ದ ತಾತ್ಕಾಲಿಕ ಸಿಮೆಂಟ್ ಅರ್ಧ ಉದುರಿತ್ತು. ಚೆನ್ನಾಗಿ ಬೈಸಿಕೊಂಡೆ.

ಇಷ್ಟು ಕೊರೆದ ಹಲ್ಲು, ಮೇಲೆ ಟೋಪಿಯಂತೆ ಕೂರಿಸುವ ಕ್ಯಾಪ್ ಇಲ್ಲದಿದ್ದರೆ ಸೀಳಬಹುದಂತೆ. ಅದನ್ನು ಹಾಕಿಸೋ ತನಕ ಆ ಕಡೆ ಖಡಕ್ ರೊಟ್ಟಿ ಬಂದ್. ನಮ್ಮ ಊರಿನವರಿಗೆ ಇದು ಜಾಸ್ತಿ ಶಿಕ್ಷೆ ಅಲ್ವಾ? ಸದ್ಯ ಹಾಲಲ್ಲಿ ನೆನೆಸಿ ತಿನ್ನುತ್ತಿದ್ದೇನೆ.