ಬಾಕಿ ಉಳಿಸಿಕೊಂಡ ಅಂಗಡಿಯವರೊಂದಿಗೆ ವ್ಯವಹರಿಸುವುದು ಹೇಗೆ? ನಿಮ್ಮ ಅನುಭವ ತಿಳಿಸಿ

ಕೇಳಿದವರು, ರಿಪ್ಪನ್‌ಪೇಟೆ ಕಡೆಯಿಂದ:
ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಶಿವಮೊಗ್ಗದ ಅಂಗಡಿಯೊಂದಕ್ಕೆ ಆರು ವರ್ಷಗಳಿಂದ ಕೊಡುತ್ತಿದ್ದೇವೆ. ಎಂಟು ತಿಂಗಳಿನಿಂದ ಮಾಲೀಕರು ಪೂರ್ತಿ ಹಣ ಕೊಟ್ಟಿಲ್ಲ; ಕೇಳಿದರೆ ‘ನಾಡಿದ್ದು ನೋಡೋಣ’ ಎನ್ನುತ್ತಾರೆ. ಹಳೆಯ ಸಂಬಂಧ ಕೆಡದಂತೆ ಹಣ ಪಡೆಯುವುದು ಹೇಗೆ?

ಹಾಳೆತಟ್ಟೆ ತಯಾರಕರು, ಹೊಸನಗರ:
ಸಂಬಂಧ ಕೆಡಬಾರದೆಂಬ ನಿಮ್ಮ ಸಂಕೋಚವೇ ಅವರ ಬಂಡವಾಳ. ನಮ್ಮ ತಟ್ಟೆಗಳನ್ನು ಕೊಳ್ಳುತ್ತಿದ್ದ ಸಗಟು ವ್ಯಾಪಾರಿಯೊಬ್ಬರು ಪ್ರತಿ ಸಲವೂ ಐದು ಸಾವಿರ ಕೊಟ್ಟು ಇಪ್ಪತ್ತು ಸಾವಿರದ ಸರಕು ಇಳಿಸಿಕೊಳ್ಳುತ್ತಿದ್ದರು. ಕಾಫಿ ತರಿಸಿ, ಮಕ್ಕಳ ಓದು ವಿಚಾರಿಸಿ, ಗಲ್ಲಾದಿಂದ ನೋಟು ಎಣಿಸಿ ಕೈಗಿಡುವಾಗ, ನಮ್ಮದೇ ಹಣಕ್ಕೆ ನಾವೇ ಉಪಕಾರ ಸ್ಮರಿಸಿ ಬರುತ್ತಿದ್ದೆವು. ಹನ್ನೆರಡು ಸಲ ಹೀಗೆ ನಡೆದ ಮೇಲೆ ಕೂತು ಲೆಕ್ಕ ಹಾಕಿದರೆ ಬಾಕಿ 1.8 ಲಕ್ಷ. ಗಟ್ಟಿಯಾಗಿ ಕೇಳಿದ ದಿನ, ‘ಮಳೆಗಾಲದ ಮಾಲಿಗೆ ಬೂಷ್ಟು ಬಂದಿತ್ತು, ಅರ್ಧ ಎಸೆದೆ’ ಎಂದರು. ಸರಕು ಚೆನ್ನಾಗಿಯೇ ತಲುಪಿತ್ತು ಎನ್ನಲು ನಮ್ಮ ಬಳಿ ಒಂದು ಸಹಿಯೂ ಇರಲಿಲ್ಲ. ಕೊನೆಗೆ 70 ಸಾವಿರಕ್ಕೆ ಒಪ್ಪಿ ಎದ್ದು ಬಂದೆ.

ಆದ್ದರಿಂದ ಮೊದಲು ಸರಕು ನಿಲ್ಲಿಸಿ. ಬಳಿಕ ಜಗಳವಾಡದೆ ಲೆಕ್ಕದ ಹಾಳೆ ಹಿಡಿದು ಹೋಗಿ, ‘ಈ ದಿನಕ್ಕೆ ಇಷ್ಟು ಬಾಕಿ’ ಎಂದು ಅವರ ಕೈಯಲ್ಲೇ ಬರೆಸಿ ಸಹಿ ಪಡೆಯಿರಿ. ಮಾರಿದ ಸರಕಿನ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿಯಿದ್ದು, ಆ ಅವಧಿಯೊಳಗೆ ಸಾಲಗಾರರು ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿದರೆ ಅಂದಿನಿಂದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ನೀವು ತಯಾರಕರಾದ್ದರಿಂದ, ಸರಕು ಕೊಡುವ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿದ್ದರೆ 2006ರ ಸೂಕ್ಷ್ಮ, ಸಣ್ಣ ಉದ್ಯಮಗಳ ಕಾಯ್ದೆಯ ಬಲವೂ ಇದೆ: ಮಾತಾದ ಗಡುವು ಎಷ್ಟೇ ಇರಲಿ, 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾನು ನೋಂದಣಿ ಮಾಡಿಸಿದ್ದು ಕೈ ಸುಟ್ಟುಕೊಂಡ ಮೇಲೆ.

ಅಡಿಕೆ ಬೆಳೆಗಾರರು, ತೀರ್ಥಹಳ್ಳಿ:
ಚೆಕ್ ಕೊಟ್ಟರೆ ನಿಶ್ಚಿಂತರಾಗಬೇಡಿ. ನನಗೆ ಬಂದ ಚೆಕ್ ಅಮಾನ್ಯವಾದಾಗ ‘ಮುಂದಿನ ವಾರ ಮತ್ತೆ ಹಾಕಿ’ ಎಂಬ ಮಾತು ನಂಬಿ ದಿನ ಕಳೆದೆ. ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟಿಸ್ ಹೋಗಬೇಕು. ಅದು ತಲುಪಿ 15 ದಿನಗಳಾದರೂ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು ದಾಖಲಾಗಬೇಕು.

ಗ್ರಾಹಕರು, ಸಾಗರ:
ನಾನು ಕೊಳ್ಳುವ ಕಡೆಯವಳು. ವರ್ಷಗಟ್ಟಲೆ ಒಂದೇ ಅಂಗಡಿಯಲ್ಲಿ ಮಿಡಿ ಉಪ್ಪಿನಕಾಯಿ ಕೊಳ್ಳುತ್ತಿದ್ದೆ. ಕಳೆದ ಸಲ ಭರಣಿಯ ಮುಚ್ಚಳ ತೆಗೆದಾಗ ಜೀರಿಗೆಯ ಪರಿಮಳವಿರಲಿಲ್ಲ. ಕಚ್ಚಿದರೆ ಒಳಗೆ ಬಲಿತ ಗೊರಟು. ದರ ಮಾತ್ರ ಹಿಂದಿನದೇ, ಚೀಟಿಯೂ ಅದೇ. ‘ಈ ವರ್ಷ ಫಸಲೇ ಹಾಗೆ’ ಎಂದರು. ತಯಾರಿಸುತ್ತಿದ್ದವರನ್ನು ಮದುವೆಯೊಂದರಲ್ಲಿ ಕಂಡು ಕೇಳಿದಾಗ, ಹಣ ಬಾರದೆ ಅವರು ಸರಕು ನಿಲ್ಲಿಸಿ ವರ್ಷವಾಗಿತ್ತೆಂದು ತಿಳಿಯಿತು. ನೀವು ನಿಲ್ಲಿಸಿದ ಮೇಲೂ ಆ ಕಪಾಟಿನ ಮೇಲೆ ಕಣ್ಣಿಡಿ.

ಕೇಳಿದವರು:
ಪುಸ್ತಕ ತೆಗೆದು ನೋಡಿದೆ. ಆರು ವರ್ಷಗಳಲ್ಲಿ ಅವರ ಸಹಿ ಇರುವುದು ಎರಡೇ ಕಡೆ. ನಾಳೆ ಬಸ್ಸಿಗೆ ಹಾಕಬೇಕಿದ್ದ ಭರಣಿಗಳನ್ನು ಮತ್ತೆ ಅಟ್ಟಕ್ಕೆ ಏರಿಸಿದ್ದೇವೆ.