ಸಹಾಯ ಬೇಕು: ಸುಡೋ ಇಲ್ಲದೆ ಆರ್‌ಪಿಎಂ ಡೇಟಾಬೇಸ್ ತೆರೆಯುತ್ತಿಲ್ಲ

ಫೆಡೋರಾ ಲಿನಕ್ಸ್‌ನಲ್ಲಿ ಮಾಮೂಲಿ ಯೂಸರ್ ಆಗಿ ಆರ್‌ಪಿಎಂ (ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ಹಾಕುವ, ಅವುಗಳ ಲೆಕ್ಕ ಇಡುವ ಟೂಲ್) ಕ್ವೆರಿ ಕೊಟ್ಟರೆ ಪರ್ಮಿಷನ್ ಡಿನೈಡ್, ಪ್ಯಾಕೇಜಸ್ ಡೇಟಾಬೇಸ್ ತೆರೆಯಲು ಆಗುತ್ತಿಲ್ಲ ಅನ್ನುತ್ತಿದೆ. ಸುಡೋ ಹಾಕಿದರೆ, ಅಂದರೆ ರೂಟ್ (ಅಡ್ಮಿನ್) ಹಕ್ಕಿನಲ್ಲಿ ಓಡಿಸಿದರೆ, ಎಲ್ಲ ಸರಿ. ಹಾಗಾಗಿ ಡೇಟಾಬೇಸ್ ಕೆಟ್ಟಿರಲಾರದು, ಅಲ್ವಾ? ಫೆಡೋರಾ 36ರಿಂದ ಈ ಫೈಲುಗಳು ವಾರ್ ಫೋಲ್ಡರ್ ಬಿಟ್ಟು ಯುಎಸ್‌ಆರ್ ಕೆಳಗಿನ ಸಿಸ್‌ಇಮೇಜ್‌ಗೆ ಹೋಗಿವೆ, ಹಳೇ ಜಾಗದಲ್ಲಿ ಬರೀ ಲಿಂಕ್. ಅಲ್ಲಿ ನೋಡಿದರೆ ಪರ್ಮಿಷನ್ ಫೋಲ್ಡರ್‌ಗೆ 700, ಡೇಟಾಬೇಸ್ ಇರುವ ಎಸ್‌ಕ್ಯುಎಲೈಟ್ ಫೈಲಿಗೆ 600 (ಅಂದರೆ ಓನರ್‌ಗೆ ಮಾತ್ರ), ಎರಡಕ್ಕೂ ಓನರ್ ರೂಟ್. 755 ಮತ್ತು 644 (ಉಳಿದವರೂ ಓದಬಹುದು) ಇರಬೇಕಿತ್ತು. ಆಫೀಸಿನವರು ಸೆಕ್ಯುರಿಟಿ ಅಂತ ಯುಮಾಸ್ಕ್ (ಹೊಸ ಫೈಲುಗಳಿಂದ ಯಾವ ಪರ್ಮಿಷನ್ ಕಳೆಯಬೇಕು ಅನ್ನುವ ಸೆಟ್ಟಿಂಗ್) 077 ಮಾಡಿದ್ದಾರೆ (ಕೇಳಿದರೆ ಪಾಲಿಸಿ ಅಂತಾರೆ), ಅದರದ್ದೇ ಕಿತಾಪತಿ ಇರಬಹುದಾ? 777 (ಎಲ್ಲರಿಗೂ ಎಲ್ಲ ಹಕ್ಕು) ಕೊಡಿ ಅನ್ನುವ ಸಲಹೆ ದಯವಿಟ್ಟು ಬೇಡ. ಡೇಟಾಬೇಸ್ ಜೊತೆಗಿರುವ ಡಬ್ಲ್ಯುಎಎಲ್, ಎಸ್‌ಎಚ್‌ಎಂ ಸಹಾಯಕ ಫೈಲುಗಳಿಗೂ ಸಿಹೆಚ್‌ಮಾಡ್ (ಪರ್ಮಿಷನ್ ಬದಲಿಸುವ ಕಮಾಂಡ್) ಮಾಡಬೇಕಾ, ಇಲ್ಲ ಆರ್‌ಪಿಎಂ ಪ್ಯಾಕೇಜಿಗೆ ಸೆಟ್‌ಪರ್ಮ್ಸ್ (ಪ್ಯಾಕೇಜಿನ ಮೂಲ ಪರ್ಮಿಷನ್ ಮತ್ತೆ ಹಾಕುವ ಆಯ್ಕೆ) ಓಡಿಸಿದರೆ ಸಾಕಾ? ಮಾಡಿ ನೋಡಿದವರು ಹೇಳಿ.