ಕುದುರೆ ಬಿಟ್ಟು ಹೋಗಿದ್ದಾರೆ. ಠಾಣೆ, ಪಶು ಆಸ್ಪತ್ರೆ, ಪಾಲಿಕೆ ಎಲ್ಲ ಕಡೆ "ನಮಗೆ ಬರಲ್ಲ" ಅಂತಾರೆ. ಮುಂದೇನು?

ಬೇಲಿಯಾಚೆ (ಪ್ರಶ್ನೆ)

ರಿಂಗ್ ರೋಡಿಗೆ ಅಂಟಿಕೊಂಡ, ಇನ್ನೂ ಮನೆ ಏಳದ ಲೇಔಟ್. ಅಲ್ಲಿ ನಾಲ್ಕು ಕುದುರೆಗಳಿವೆ: ದಿಬ್ಬಣಕ್ಕೆ ಹೋಗುವ ಎರಡು ಬಿಳಿ ಕುದುರೆ, ಒಂದು ಕಂದು ಹೆಣ್ಣು, ಅದರ ಮರಿ. ಬಿಳಿಯದರಲ್ಲಿ ಒಂದಕ್ಕೆ ಮುಂಗಾಲೆರಡನ್ನೂ ನೈಲಾನ್ ಹಗ್ಗದಿಂದ ಜೋಡಿಸಿ ಕಟ್ಟಿದ್ದಾರೆ. ಹಗ್ಗ ಚರ್ಮದೊಳಗೆ ಇಳಿದು ಹುಳ ಬಿದ್ದಿದೆ. ಗೊರಸು ಬೆಳೆದು ಹಳೇ ಕಾಲದ ಜೋಡಿನ ಮೂತಿ ಹಾಗೆ ಮೇಲಕ್ಕೆ ಬಾಗಿದೆ. ಕಂದು ಕುದುರೆಯ ಪಕ್ಕೆಲುಬನ್ನು ರಸ್ತೆಯಿಂದಲೇ ಎಣಿಸಬಹುದು. ಕುಡಿಯಲು ಇರುವುದು ಚರಂಡಿ ನೀರು, ತಿನ್ನಲು ಪಾರ್ಥೇನಿಯಂ ನಡುವಿನ ಒಣಹುಲ್ಲು ಮತ್ತು ಕಸದ ಕವರು. ಲಗ್ನದ ದಿನ ಮಾತ್ರ ಯಾರೋ ಬಂದು ಬಿಳಿಯದೊಂದನ್ನು ಹೊಡೆದುಕೊಂಡು ಹೋಗುತ್ತಾರೆ.

ಠಾಣೆಯಲ್ಲಿ "ಇದಕ್ಕೆಲ್ಲ ಎಫ್‌ಐಆರ್ ಆಗಲ್ಲ" ಅಂದರು. ಪಶು ಆಸ್ಪತ್ರೆಯಲ್ಲಿ "ಪೊಲೀಸರು ಬರೆದುಕೊಟ್ಟರೆ ನೋಡುತ್ತೇವೆ" ಅಂದರು. ಪಾಲಿಕೆಯವರ ಪ್ರಕಾರ ಅವರದು ನಾಯಿ ಮತ್ತು ದನ ಮಾತ್ರ. ನಿಜವಾಗಿ ಅಧಿಕಾರ ಯಾರಿಗಿದೆ? ಅಲ್ಲಿಯವರೆಗೆ ಏನು ತಿನ್ನಿಸಬಹುದು? ಅಕ್ಕಪಕ್ಕದವರು ಹುರುಳಿ ಬೇಯಿಸಿ ಹಾಕೋಣ ಅಂತಿದ್ದಾರೆ.

ದಫ್ತರ (ಉತ್ತರ)

ಠಾಣೆಯವರ ಮಾತು ಅರ್ಧ ಸರಿ, ಅರ್ಧ ಜಾರಿಕೆ.

ಸರಿ ಇರುವ ಅರ್ಧ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11(1)ರಲ್ಲಿ ನೀವು ಹೇಳಿದ್ದೆಲ್ಲ ಅಪರಾಧವೇ. ಮೇವು, ನೀರು, ನೆರಳು ಕೊಡದಿರುವುದು (ಎಚ್) ಉಪವಾಕ್ಯ, ಬಿಟ್ಟುಹೋಗುವುದು (ಐ), ಗಾಯವಿರುವ ಪ್ರಾಣಿಯನ್ನು ಕೆಲಸಕ್ಕೆ ಹೂಡುವುದು (ಬಿ). ಆದರೆ ಸೆಕ್ಷನ್ 31ರ ಪ್ರಕಾರ ಪೊಲೀಸರು ತಾವಾಗಿಯೇ ಕೈಗೆತ್ತಿಕೊಳ್ಳಬಹುದಾದವು (ಎಲ್), (ಎನ್), (ಓ) ಮತ್ತು ಸೆಕ್ಷನ್ 12 ಮಾತ್ರ. ಹಸಿವಿಗೆ ಕೆಡವುವುದು ಆ ಪಟ್ಟಿಯಲ್ಲಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. 1960ರ ಐವತ್ತು ರೂಪಾಯಿ ಇವತ್ತಿಗೂ ಐವತ್ತೇ. ಯಾವ ಇನ್‌ಸ್ಪೆಕ್ಟರ್ ಇದಕ್ಕೆ ಸಿಬ್ಬಂದಿ ಕಳಿಸುತ್ತಾರೆ?

ಜಾರಿಕೆಯ ಅರ್ಧ ಸೆಕ್ಷನ್ 34. ಅಪರಾಧ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ, ಕಾನ್‌ಸ್ಟೇಬಲ್ ದರ್ಜೆಗಿಂತ ಮೇಲಿನ ಯಾವುದೇ ಪೊಲೀಸ್ ಅಧಿಕಾರಿ, ಅಂದರೆ ಹೆಡ್ ಕಾನ್‌ಸ್ಟೇಬಲ್ ಆದರೂ ಸಾಕು, ಪ್ರಾಣಿಯನ್ನು ವಶಕ್ಕೆ ಪಡೆದು ಮ್ಯಾಜಿಸ್ಟ್ರೇಟರ ಅಥವಾ ಪಶುವೈದ್ಯಾಧಿಕಾರಿಯ ಮುಂದೆ ತಪಾಸಣೆಗೆ ಹಾಜರುಪಡಿಸಬಹುದು. "ಇಂಥ ಉಪವಾಕ್ಯಕ್ಕೆ ಮಾತ್ರ" ಎಂಬ ಷರತ್ತು ಅಲ್ಲಿಲ್ಲ. ಎಫ್‌ಐಆರ್ ಕೇಳಬೇಡಿ, ಜಪ್ತಿ ಕೇಳಿ. ಹೆಚ್ಚಿನ ದೂರುಗಳು ಸೋಲುವುದು ಈ ಒಂದು ತಪ್ಪಿನಿಂದ.

ದೂರು ಎರಡು ಪುಟ ಮೀರಬಾರದು. ಸ್ಥಳ, ಸರ್ವೆ ನಂಬರ್ ಅಥವಾ ಹತ್ತಿರದ ಗುರುತು, ಪ್ರತಿ ಕುದುರೆಯ ಬಣ್ಣ, ಲಿಂಗ, ಹಣೆಯ ಚುಕ್ಕೆ, ಕಾಲಿನ ಬಿಳಿ, ಗಾಯ. ಕೊನೆಯಲ್ಲಿ ಮೂರು ಕೋರಿಕೆ: ಸೆಕ್ಷನ್ 34ರಡಿ ವಶಕ್ಕೆ ಪಡೆಯಿರಿ, ಪಶುವೈದ್ಯರಿಗೆ ಪತ್ರ ಕೊಡಿ, ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಸಂಹಿತೆ) ಸೆಕ್ಷನ್ 174ರಡಿ ದಾಖಲಿಸಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಿರಿ. ನಿಮ್ಮ ಪ್ರತಿಯ ಮೇಲೆ ಠಾಣೆಯ ಸೀಲು, ತಾರೀಕು ಬೀಳದೆ ಹೊರಗೆ ಬರಬೇಡಿ. ಕುದುರೆ ರಸ್ತೆಗೆ ನುಗ್ಗುತ್ತಿದ್ದರೆ ಬಿಎನ್‌ಎಸ್ (ಹಳೇ ಐಪಿಸಿ ಬದಲಿಗೆ ಬಂದ ಸಂಹಿತೆ) ಸೆಕ್ಷನ್ 291 ಕೂಡ ಸೇರಿಸಿ: ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದ ನಿರ್ಲಕ್ಷ್ಯ. ಅದಕ್ಕೆ ಎಫ್‌ಐಆರ್ ಆಗುತ್ತದೆ. ಅದೇ ಬಿಎನ್‌ಎಸ್‌ನ 325 ಹಾಕಿ ಎಂದು ಕೆಲವರು ಹೇಳುತ್ತಾರೆ. ಅದು ಕೊಲ್ಲುವುದು, ವಿಷವಿಡುವುದು, ಊನ ಮಾಡುವುದಕ್ಕೆ. ಬರೀ ಉಪವಾಸ ಕೆಡವಿದ್ದಕ್ಕೆ ಕೋರ್ಟಿನಲ್ಲಿ ನಿಲ್ಲಿಸುವುದು ಕಷ್ಟ. ಹಗ್ಗದ ಗಾಯದಿಂದ ಕಾಲು ಹೋಗಿದೆ ಎಂದು ವೈದ್ಯರು ಬರೆದರೆ ಮಾತು ಬೇರೆ.

ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 36 ಮರೆಯಬೇಡಿ. ಅಪರಾಧ ನಡೆದು ಮೂರು ತಿಂಗಳಾದ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ. ಕಚೇರಿಯಿಂದ ಕಚೇರಿಗೆ ಕಾಗದ ಅಲೆಯುವಷ್ಟರಲ್ಲಿ ಆ ಅವಧಿ ತೀರಿರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಹೊಸ ಫೋಟೊ: ಎರಡೂ ಪಕ್ಕ, ಹಿಂದೆ, ಮುಂದೆ, ಗೊರಸಿನ ಪಕ್ಕ ಅಳತೆಪಟ್ಟಿ, ಖಾಲಿ ಬಕೆಟ್. ಮೂಲ ಫೈಲು ಫೋನಿನಲ್ಲೇ ಇರಲಿ, ವಾಟ್ಸಾಪಿನಲ್ಲಿ ಕಳಿಸಿದ್ದು ಸಾಲದು. ಕೋರ್ಟಿಗೆ ಹೋದಾಗ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಅದಕ್ಕೆ ಬೇಕು.

ಪ್ರಾಣಿ ಕಲ್ಯಾಣ ಮಂಡಳಿಗೆ ಮಿಂಚಂಚೆ ಕಳಿಸಿ ಕಾಯುತ್ತ ಕೂರಬೇಡಿ. 1962ರಲ್ಲಿ ಶುರುವಾದ ಆ ಮಂಡಳಿ ಸಲಹೆ ಕೊಡಬಹುದು, ಪತ್ರ ಬರೆಯಬಹುದು, ಅಷ್ಟೆ. ಹರಿಯಾಣದ ಬಲ್ಲಭಗಢದಿಂದ ಯಾರೂ ಬಂದು ಹಗ್ಗ ಬಿಚ್ಚುವುದಿಲ್ಲ. ನಿಮ್ಮ ಬಾಗಿಲು ಜಿಲ್ಲಾ ಪ್ರಾಣಿ ದಯಾ ಸಂಘ. 2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಇರಬೇಕು. ಜಿಲ್ಲಾಧಿಕಾರಿ ಕಚೇರಿಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ಕಳೆದೆರಡು ವರ್ಷದ ಸಭಾ ನಡಾವಳಿ ಕೇಳಿ. ಸೆಕ್ಷನ್ 34ರಡಿ ಅಧಿಕಾರ ಪಡೆದವರ ಪಟ್ಟಿಗೆ, ಸೆಕ್ಷನ್ 35ರಡಿ ನೇಮಿಸಿದ ಚಿಕಿತ್ಸಾಲಯಗಳ ಪಟ್ಟಿಗೆ ಬೇರೆ ಬೇರೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಸಭೆಯೇ ನಡೆದಿಲ್ಲ ಎಂಬ ಉತ್ತರ ಬಂದರೂ ಅದು ಮುಂದೆ ಹೈಕೋರ್ಟಿನಲ್ಲಿ ಕೆಲಸಕ್ಕೆ ಬರುವ ಕಾಗದ.

ಲಾಯದ ದೀಪ (ಉತ್ತರ)

ಕಾನೂನು ಆಮೇಲೆ. ಮೊದಲು ಆ ಹುರುಳಿ ನಿಲ್ಲಿಸಿ.

ವಾರಗಟ್ಟಲೆ ಉಪವಾಸವಿದ್ದ ಕುದುರೆಗೆ ಹುರುಳಿ, ಬೂಸಾ, ಅನ್ನ, ಬೆಲ್ಲ ಯಾವುದೂ ಬೇಡ. ಪಿಷ್ಟ, ಸಕ್ಕರೆ ಒಳಗೆ ಹೋದ ಕೂಡಲೇ ಇನ್ಸುಲಿನ್ ಏರುತ್ತದೆ. ಅದು ರಕ್ತದಲ್ಲಿ ಅಳಿದುಳಿದ ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ಜೀವಕೋಶದೊಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಹೃದಯ, ಉಸಿರಾಟ ಕೈಕೊಡುತ್ತವೆ. ಊಟ ಶುರುಮಾಡಿ ಮೂರರಿಂದ ಐದನೇ ದಿನ ಬೀಳುವುದು ಹೆಚ್ಚು, ಹತ್ತನೇ ದಿನದವರೆಗೂ ಭಯ ಇದ್ದೇ ಇದೆ. "ಚೆನ್ನಾಗಿ ತಿಂತಿತ್ತು, ಇದ್ದಕ್ಕಿದ್ದಂತೆ ಸತ್ತುಹೋಯ್ತು" ಅನ್ನುವುದೆಲ್ಲ ಹೆಚ್ಚಾಗಿ ಇದೇ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಆದ್ದರಿಂದ ಹೊಟ್ಟೆ ಉಬ್ಬಿದರೂ ದಾರಿಯಿಲ್ಲ.

ಕೊಡಬೇಕಾದದ್ದು ಕುದುರೆಮಸಾಲೆ, ಅಂದರೆ ಲೂಸರ್ನ್ ಸೊಪ್ಪು. ಹೆಸರೇ ಹೇಳುತ್ತದಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಲೆ ಹೋಲಿಸಿ ನೋಡಿದಾಗ ಓಟ್ ಹುಲ್ಲಿಗಿಂತ ಇದೇ ಮೇಲಾಯಿತು: ಪಿಷ್ಟ ಕಡಿಮೆ, ರಂಜಕ, ಮೆಗ್ನೀಸಿಯಂ ಹೆಚ್ಚು. ಅವರ ಲೆಕ್ಕ ದೊಡ್ಡ ಕುದುರೆಗೆ: ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಸುಮಾರು ಅರ್ಧ ಕಿಲೋ ಒಣ ಕುದುರೆಮಸಾಲೆ. ನಮ್ಮ ತಟ್ಟುಗಳಿಗೆ (ಸಣ್ಣ ಗಾತ್ರದ ಕುದುರೆ) ಅದರರ್ಧ ಸಾಕು. ಹಸಿಯದಾದರೆ ನೀರಿನ ತೂಕ ಇರುವುದರಿಂದ ಒಂದು ಕಿಲೋಗಿಂತ ಸ್ವಲ್ಪ ಮೇಲೆ. ನಾಲ್ಕನೇ ದಿನದಿಂದ ನಿಧಾನಕ್ಕೆ ಏರಿಸಿ, ಆರನೇ ದಿನಕ್ಕೆ ಎಂಟು ಗಂಟೆಗೊಮ್ಮೆ ಒಂದು ಕಿಲೋ ಒಣಮೇವಿಗೆ ತನ್ನಿ. ಹತ್ತನೇ ದಿನದ ಮೇಲೆ ತಿಂದಷ್ಟು. ಕಾಳು ಆಮೇಲೆ, ವೈದ್ಯರನ್ನು ಕೇಳಿ. ಮೈ ತುಂಬಲು ತಿಂಗಳುಗಳೇ ಬೇಕು, ಅವಸರ ಬೇಡ. ನೀರು ಮಾತ್ರ ಸದಾ ಮುಂದೆ ಇರಲಿ, ಬಕೆಟ್ ಎರಡಿರಲಿ, ಬಿಸಿಲಿಗೆ ಕಾದ ನೀರನ್ನು ಚೆಲ್ಲಿ ಹೊಸದು ಹಾಕಿ.

ತೂಕ ತಿಳಿಯಲು ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 11,880ರಿಂದ ಭಾಗಿಸಿ. 150 ಸುತ್ತಳತೆ, 130 ಉದ್ದವಾದರೆ ಸುಮಾರು 246 ಕಿಲೋ. ವಾರಕ್ಕೊಮ್ಮೆ ಬರೆದಿಡಿ.

ಪಶುವೈದ್ಯರ ವರದಿಯಲ್ಲಿ "ಬಹಳ ಬಡಕಲಾಗಿದೆ" ಎಂದಷ್ಟೇ ಇದ್ದರೆ ಮಾಲೀಕರ ವಕೀಲರು ಅದನ್ನು ಎರಡು ನಿಮಿಷದಲ್ಲಿ ಹರಿದು ಹಾಕುತ್ತಾರೆ. ಕುದುರೆಯ ಮೈಕಟ್ಟಿಗೆ ಕೊಡುವ 1ರಿಂದ 9ರ ಹೆನ್ನೆಕೆ ಅಂಕ (1 ಎಂದರೆ ತೀರಾ ಬಡಕಲು) ಬರೆಸಿ. ಕತ್ತು, ಹೆಗಲು, ಭುಜದ ಹಿಂದೆ, ಪಕ್ಕೆಲುಬು, ಸೊಂಟ, ಬಾಲದ ಬುಡ, ಈ ಆರು ಕಡೆ ಕೈಯಿಟ್ಟು ನೋಡಬೇಕು, ಯಾಕೆಂದರೆ ಚಳಿಗಾಲದ ದಟ್ಟ ಕೂದಲು ಮೂಳೆಯನ್ನು ಮುಚ್ಚುತ್ತದೆ. ಜೊತೆಗೆ ಜ್ವರ (37.5ರಿಂದ 38.5 ಡಿಗ್ರಿ ಸಹಜ), ನಾಡಿ (28ರಿಂದ 44), ಉಸಿರು (8ರಿಂದ 16), ಒಸಡನ್ನು ಬೆರಳಿಂದ ಒತ್ತಿ ಬಿಟ್ಟರೆ ಬಣ್ಣ ಮರಳಲು ಎಷ್ಟು ಸೆಕೆಂಡ್. ಎರಡಕ್ಕಿಂತ ಹೆಚ್ಚಾದರೆ ಕೆಟ್ಟದ್ದು.

ಇನ್ನೊಂದು ಮಾತು: ಬಡಕಲಾಗಿದ್ದರೆ ಹಸಿವೇ ಕಾರಣ ಎಂದಲ್ಲ. ನೊಣದಿಂದ ಹರಡುವ ಸರ್ರಾ ರೋಗ, ಜಂತು, ಮುದಿ ಕುದುರೆಯ ಚೂಪಾದ ದವಡೆ ಹಲ್ಲು, ಎಲ್ಲವೂ ಹೀಗೇ ಮಾಡುತ್ತವೆ. ರಕ್ತಲೇಪ, ಲದ್ದಿ ಪರೀಕ್ಷೆ, ಬಾಯಿ ತಪಾಸಣೆ ಮೂರನ್ನೂ ಮಾಡಿಸಿ. ರೋಗ ಇದ್ದರೆ ಚಿಕಿತ್ಸೆ ಮಾಡಿಸದ್ದೂ ನಿರ್ಲಕ್ಷ್ಯವೇ. ಆದರೆ ಅದು ವರದಿಯಲ್ಲೇ ಇರಬೇಕು, ಕೋರ್ಟಿನಲ್ಲಿ ಮಾಲೀಕರ ವಕೀಲರ ಬಾಯಿಂದ ಬರಬಾರದು.

ಹಗ್ಗ ಹೂತ ಕಾಲನ್ನು ನೀವು ಕತ್ತರಿಸಲು ಹೋಗಬೇಡಿ. ಅರಿವಳಿಕೆ ಇಲ್ಲದೆ ಆಗುವ ಕೆಲಸವಲ್ಲ, ಒದೆತ ನಿಮ್ಮ ಮೊಣಕಾಲಿಗೆ. ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ, ಹುಳದ ಜೊತೆ ಇರುವ ಒಳ್ಳೆಯ ಮಾಂಸವೂ ಸುಡುತ್ತದೆ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬಲಿಯಾಗುವುದು ಇನ್ನೊಂದಿಲ್ಲ, ಅದರ ಚುಚ್ಚುಮದ್ದನ್ನು ಮೊದಲ ದಿನವೇ ಕೇಳಿ. 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ. "ಕುದುರೆ, ಮಲಗಿದೆ, ಮುಂಗಾಲಿಗೆ ಗಾಯ" ಎಂದು ಮೊದಲೇ ಹೇಳಿ.

ಮೂಗಿನಿಂದ ಹಳದಿ ಜಿಗುಟು, ಚರ್ಮದಲ್ಲಿ ಗಂಟು ಕಂಡರೆ ಮುಟ್ಟಬೇಡಿ. ಗ್ಲ್ಯಾಂಡರ್ಸ್ ಇರಬಹುದು, ಮನುಷ್ಯರಿಗೂ ಅಂಟುತ್ತದೆ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ.

ಕಡಿವಾಣ (ಉತ್ತರ)

ಮೇಲಿನವರು ಮಾಲೀಕನನ್ನು ನೇರ ಆರೋಪಿ ಸ್ಥಾನದಲ್ಲಿ ಕೂರಿಸಿದ್ದಾರೆ. ತಪ್ಪಲ್ಲ. ಆದರೆ ಕೆಲಸ ಬೇಗ ಆಗುವ ದಾರಿ ಬೇರೆ ಇದೆ. ದಿಬ್ಬಣದ ಕುದುರೆಗೆ ಸೀಸನ್ ಇದೆ. ಆಷಾಢ ಬಂತೆಂದರೆ ಆದಾಯ ಸೊನ್ನೆ, ಮೇವಿನ ಖರ್ಚು ಮಾತ್ರ ಹಾಗೇ. ಖಾಲಿ ಸೈಟಿಗೆ ಬಿಡುವುದು ಆಗಲೇ. ಕುಂಟು ಕುದುರೆಯನ್ನು ಅವನಿಗೂ ಸಾಕಲು ಆಗುವುದಿಲ್ಲ. ಠಾಣೆಯಲ್ಲಿ ಕೂರಿಸಿ, ಆ ಕುದುರೆಯ ಹಕ್ಕು ಬಿಟ್ಟುಕೊಡುತ್ತೇನೆಂದು ಇಬ್ಬರು ಸಾಕ್ಷಿಗಳ ಎದುರು ಬರೆಸಿಕೊಂಡರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ದುಡ್ಡು ಮಾತ್ರ ಒಂದು ಪೈಸೆ ಕೊಡಬೇಡಿ. ಕೊಟ್ಟರೆ ಮುಂದಿನ ವಾರ ಅದೇ ಜಾಗದಲ್ಲಿ ಇನ್ನೊಂದು ಕುದುರೆ ನಿಂತಿರುತ್ತದೆ.

ಗಾಡಿಗೆ ಹೂಡುವವರಿದ್ದರೆ, ಮೈಸೂರಿನ ಟಾಂಗಾದವರಿಗೂ ಸೇರಿ, 1965ರ ನಿಯಮಗಳಿವೆ: ಚಾಲಕ, ಆರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ನಾಲ್ಕೇ ಜನ, ದಿನಕ್ಕೆ ಒಂಬತ್ತು ಗಂಟೆ ಮೀರಬಾರದು, ಬಿಡುವಿಲ್ಲದೆ ಐದು ಗಂಟೆ ದಾಟಬಾರದು, 37 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ 12ರಿಂದ 3 ಹೂಡಬಾರದು, ಮುಳ್ಳಿನ ಕಡಿವಾಣ ಬಳಸಬಾರದು.

ಬೇಲಿಯಾಚೆ

ಹುರುಳಿ ನಿಲ್ಲಿಸಿದ್ದೇವೆ, ಕುದುರೆಮಸಾಲೆ ಮಾರ್ಕೆಟ್ಟಿನಲ್ಲಿ ಕಟ್ಟಿನ ಲೆಕ್ಕದಲ್ಲಿ ಸಿಗುತ್ತಿದೆ. ದೂರಿಗೆ ಸೀಲು ಬಿತ್ತು. ಈಗ ಸಬ್ ಇನ್‌ಸ್ಪೆಕ್ಟರ್ ಕೇಳುವುದು ಒಂದೇ: "ಜಪ್ತಿ ಮಾಡಿ ಎಲ್ಲಿ ಕಟ್ಟಲಿ? ಠಾಣೆ ಹಿಂದೆ ಸೀಜ್ ಆದ ಬೈಕು ನಿಲ್ಲಿಸಲೇ ಜಾಗವಿಲ್ಲ." ಗೋಶಾಲೆಯವರು ಕುದುರೆ ಬೇಡ ಅಂದರು.

ದಫ್ತರ

ಅಸಲು ಅಡ್ಡಿ ಅದೇ. ಕಾನೂನು ಗೊತ್ತಿಲ್ಲದ್ದಲ್ಲ, ಕಟ್ಟುವ ಕಂಬ ಇಲ್ಲದ್ದು. ಜಪ್ತಿ ಮಾಡಿದ ಕ್ಷಣದಿಂದ ಆ ಪ್ರಾಣಿ ಅವರ ಹೊಣೆ, ಸತ್ತರೆ ಅವರೇ ಉತ್ತರ ಹೇಳಬೇಕು. ಆದ್ದರಿಂದ ಜಾಗವನ್ನು ನೀವೇ ಹುಡುಕಿ ಕೊಡಿ. ಆಶ್ರಯ ಕೊಡುವ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ "ನಾಲ್ಕು ಕುದುರೆಗಳನ್ನು ಕೋರ್ಟಿನ ಆದೇಶದವರೆಗೆ ಇಟ್ಟುಕೊಳ್ಳುತ್ತೇವೆ" ಎಂಬ ಪತ್ರ, ಗಾಡಿಯ ನಂಬರು, ಬರುವ ಪಶುವೈದ್ಯರ ಒಪ್ಪಿಗೆ, ಮೂರನ್ನೂ ಒಂದೇ ಫೈಲಿನಲ್ಲಿಟ್ಟು ಬೆಳಗ್ಗೆ ಹತ್ತರೊಳಗೆ ಠಾಣೆಗೆ ಹೋಗಿ. ಮಧ್ಯಾಹ್ನದ ಮೇಲೆ ಹೋದರೆ ಬಂದೋಬಸ್ತು, ನಾಳೆ ಬನ್ನಿ.

ಜಪ್ತಿಯಾದ ಪ್ರಾಣಿಗಳ ಆರೈಕೆಗೆಂದೇ 2017ರ ನಿಯಮಗಳಿವೆ. ಮೊಕದ್ದಮೆ ಮುಗಿಯುವವರೆಗಿನ ಖರ್ಚನ್ನು ಮಾಲೀಕರಿಂದ ವಸೂಲಿ ಮಾಡಲು ಅವಕಾಶವಿದೆ, ಮೊದಲ ವಿಚಾರಣೆಯಲ್ಲೇ ಕೇಳಿ. ಮೇವಿನ ಬಿಲ್ಲು, ಔಷಧಿ ಬಿಲ್ಲು ದಿನದ ಲೆಕ್ಕದಲ್ಲಿ ಇರಲಿ. ಮಾಲೀಕ ಕುದುರೆ ವಾಪಸು ಕೊಡಿ ಎಂದು ಅರ್ಜಿ ಹಾಕೇ ಹಾಕುತ್ತಾನೆ. ಆಗ ತೋರಿಸಬೇಕಾದದ್ದು ಪಿಂಜ್ರಾಪೋಲ್ ದೇವದಾರ್ ಪ್ರಕರಣದಲ್ಲಿ 1998ರ ಸುಪ್ರೀಂ ಕೋರ್ಟ್ ತೀರ್ಪು: ಮಾಲೀಕ ಎಂಬ ಒಂದೇ ಕಾರಣಕ್ಕೆ ವಶ ಮರಳಿಸಬೇಕಿಲ್ಲ, ಅಪರಾಧದ ತೀವ್ರತೆ, ಪ್ರಾಣಿಯ ಸ್ಥಿತಿ, ಹಿಂದಿನ ನಡತೆ ನೋಡಬೇಕು.

ಲಾಯದ ದೀಪ

ಸಾಗಿಸುವ ದಿನದ್ದು ಎರಡು ಮಾತು. ಎದ್ದು ನಿಲ್ಲಲಾಗದ ಕುದುರೆಯನ್ನು ಹಗ್ಗ ಕಟ್ಟಿ ಎಳೆದು ಗಾಡಿಗೆ ಹಾಕಬೇಡಿ. ಸ್ಥಳದಲ್ಲೇ ವೈದ್ಯರು ನೋಡಲಿ. ಬದುಕಿಸಿಟ್ಟುಕೊಳ್ಳುವುದೇ ಹಿಂಸೆ ಎಂದು ಅವರು ಬರೆದುಕೊಟ್ಟರೆ ದಯಾಮರಣಕ್ಕೆ ಅದೇ ಕಾಯ್ದೆಯ ಸೆಕ್ಷನ್ 13 ಇದೆ. ಮಾಲೀಕನಿಲ್ಲದಿದ್ದರೆ ಅಥವಾ ಒಪ್ಪದಿದ್ದರೆ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶ ಪಡೆಯಬೇಕು.

ನಡೆಯಬಲ್ಲವುಗಳಿಗೆ ಗಾಡಿಯ ತಳದಲ್ಲಿ ಮರಳು, ಅದರ ಮೇಲೆ ದಪ್ಪಗೆ ಹುಲ್ಲು. ಕಬ್ಬಿಣದ ತಗಡಿನ ಮೇಲೆ ಬೆಳೆದ ಗೊರಸು ನಿಲ್ಲುವುದಿಲ್ಲ. ಹತ್ತಿಸಲು ಹಲಗೆ ಸಾಲದು, ಮಣ್ಣಿನ ದಿಬ್ಬಕ್ಕೆ ಹಿಂಬದಿ ತಾಗಿಸಿ. ಎರಡು ಬಿಳಿ ಕುದುರೆಗಳ ನಡುವೆ ಅಡ್ಡ ಬೊಂಬು ಇರಲಿ. ಹೊಸ ಜಾಗದಲ್ಲಿ ಬೇರೆ ಕುದುರೆಗಳಿದ್ದರೆ ಗ್ಲ್ಯಾಂಡರ್ಸ್ ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೆ ಬೇರೆ ಬಕೆಟ್, ಬೇರೆ ಮಾಲೀಸಿನ ಬ್ರಷ್, ಬೇರೆ ಆಳು. ಮರಿಯನ್ನು ತಾಯಿಯಿಂದ ಬೇರೆ ಗಾಡಿಗೆ ಹಾಕಬೇಡಿ, ಕಟ್ಟಲೂ ಬೇಡಿ. ತಾಯಿ ಹತ್ತಿದರೆ ಪಕ್ಕದಲ್ಲೇ ತಾನೂ ಹತ್ತುತ್ತದೆ.